ಬ್ಯಾಡಗಿಯ ಬಣ್ಣ, ಹಾವೇರಿಯ ಕಂಪು

ಬೆಳಗಾಗುತ್ತಲೇ ಮನೆಮನೆಯಲ್ಲಿಯೂ ಒಲೆಯ ಮೇಲೆ ಚಹಾದ ಪಾತ್ರೆ ಏರುತ್ತದೆ. ಹಾಲು, ಸಕ್ಕರೆ, ಒಂದು ಚಮಚ ಪುಡಿ, ನೆಂಟರು ಬಂದ ದಿನ ಎರಡು ಏಲಕ್ಕಿ. ಇಷ್ಟಾದರೆ ಚಹಾ ಸಿದ್ಧವಾಯಿತೆಂದೇ ಲೆಕ್ಕ. ಆದರೆ ಚಹಾದ ಮರ್ಮ ಬಲ್ಲವರ ಲೋಕವೇ ಬೇರೆ. ಅವರು ಪುಡಿಯನ್ನು ಕೊಳ್ಳುವವರಲ್ಲ, ಎಲೆಯನ್ನು ಕೊಳ್ಳುವವರು. ಎಲೆಯನ್ನು ಕೊಳ್ಳುವ ಮುನ್ನ ಅದು ಹುಟ್ಟಿದ ಊರನ್ನು ಕೇಳುವರು. ಡಾರ್ಜಿಲಿಂಗ್ ಎಂದರೆ ಅವರ ಮನಸ್ಸಿಗೆ ಬರುವುದು ತಿಳಿಹೊನ್ನಿನ ಬಣ್ಣದ, ಹೂವಿನ ಪರಿಮಳದ ನೀರು. ಅಸ್ಸಾಮ್ ಎಂದರೆ ಕಡುಗೆಂಪಿನ, ಮೈತುಂಬಿದ ರುಚಿ. ನೀಲಗಿರಿ ಎಂದರೆ ಇವೆರಡೂ ಅಲ್ಲದ ಮೂರನೆಯ ಸೊಗಸು.

ವಿಚಿತ್ರವೆಂದರೆ ಇವೆಲ್ಲವೂ ಒಂದೇ ಜಾತಿಯ ಗಿಡದ ಎಲೆಗಳು. ಗಿಡದ ಒಳತಳಿ ಸ್ವಲ್ಪ ಬೇರೆಯಾದೀತು, ಕಾರ್ಖಾನೆಯ ಸಂಸ್ಕಾರ ಬೇರೆಯಾದೀತು. ಉಳಿದುದೆಲ್ಲ ಮಣ್ಣು, ಮಂಜು, ಮಳೆ, ಎತ್ತರಗಳ ಕೆಲಸ. ಹಿಮಾಲಯದ ಮಡಿಲಲ್ಲಿ 600 ಮೀಟರಿನಿಂದ 2,000 ಮೀಟರ್ ಎತ್ತರದ ಇಳಿಜಾರಿನಲ್ಲಿ, ತಂಪಿನಲ್ಲಿ ಮೆಲ್ಲಮೆಲ್ಲನೆ ಚಿಗುರುವ ಎಲೆಗೂ, ಬ್ರಹ್ಮಪುತ್ರೆಯ ಬಯಲಿನ ಸೆಕೆಯಲ್ಲಿ ಬಿರಬಿರನೆ ಬೆಳೆಯುವ ಎಲೆಗೂ ಒಂದೇ ರುಚಿ ಬರುವುದಾದರೂ ಹೇಗೆ?

ಹಾವೇರಿ ಜಿಲ್ಲೆಯಲ್ಲಿ ಚಹಾದ ತೋಟಗಳಿಲ್ಲ. ಆದರೆ ನೆಲವು ತನ್ನ ಬೆಳೆಯ ಮೇಲೆ ರುಜು ಹಾಕುತ್ತದೆಂಬ ಮಾತನ್ನು ಅರಿಯಲು ಕನ್ನಡಿಗರು ಡಾರ್ಜಿಲಿಂಗಿನವರೆಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೊರಟ ರೈಲುಗಾಡಿಯಲ್ಲಿ ಕುಳಿತರೆ ಸಾಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಈ ಮೂರು ಊರುಗಳು ಒಂದೇ ಹಳಿಯ ಮೇಲೆ ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು ಏಲಕ್ಕಿಗೆ ಹೆಸರಾದ ಊರು, ಎರಡನೆಯದು ಮೆಣಸಿನಕಾಯಿಗೆ, ಮೂರನೆಯದು ಬೀಜಕ್ಕೆ. ಊರಿನ ಹೆಸರೊಂದು ರುಚಿಯ ಹೆಸರಾಗುವುದು ಹೇಗೆ, ಆದ ಮೇಲೆ ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬ ಕಥೆಯನ್ನು ಈ ಮೂರೂ ಊರುಗಳು ಸೇರಿ ಹೇಳುತ್ತವೆ.

ಬೆಳೆಯದ ಊರಿನ ಏಲಕ್ಕಿ

ಹಾವೇರಿಯನ್ನು ‘ಏಲಕ್ಕಿ ಕಂಪಿನ ನಾಡು’ ಎಂದು ಕರೆಯುವ ವಾಡಿಕೆಯುಂಟು. ಈ ಮಾತನ್ನು ಕೇಳಿ ಬಂದ ಪರಸ್ಥಳದವರು ಊರ ಸುತ್ತ ಏಲಕ್ಕಿಯ ತೋಟವನ್ನು ಹುಡುಕಿದರೆ ನಿರಾಶರಾಗುವರು. ಏಲಕ್ಕಿ ಮಲೆನಾಡಿನ ನೆರಳಿನ ಗಿಡ. ಹಾವೇರಿಯೋ ಹತ್ತಿ, ಜೋಳ, ಮೆಕ್ಕೆಜೋಳಗಳ ಬಯಲು. ಹಾಗಾದರೆ ಏಲಕ್ಕಿಗೂ ಹಾವೇರಿಗೂ ಏನು ನಂಟು?

ನಂಟು ಬೆಳೆಯದಲ್ಲ, ವ್ಯಾಪಾರದ್ದು. ಅದಕ್ಕಿಂತ ಹೆಚ್ಚಾಗಿ ನೀರಿನದು. ಪಶ್ಚಿಮದ ಕಾಡುಗಳಿಂದ ಘಟ್ಟದ ದಾರಿ ಹಿಡಿದು ಬಂದ ಏಲಕ್ಕಿಯನ್ನು ಹಿಂದೆ ಹಾವೇರಿಯಲ್ಲಿ ತೊಳೆದು ಬಿಳಿಯ ಮಾಡುತ್ತಿದ್ದರು. ಅಂಟುವಾಳಕಾಯಿಯ ನೊರೆಯಲ್ಲಿ, ಹಾವೇರಿಯ ಬಾವಿಯ ನೀರಿನಲ್ಲಿ ತೊಳೆದು ಒಣಗಿಸಿದ ಕಾಯಿ ಮುತ್ತಿನಂತಹ ಬಣ್ಣಕ್ಕೆ ತಿರುಗುತ್ತಿತ್ತು. ಈ ಗುಣ ಆ ಬಾವಿಯ ನೀರಿಗೇ ಇದೆಯೆಂದು ಜನ ನಂಬಿದ್ದರು. ಬ್ರಿಟಿಷರ ಕಾಲದಲ್ಲಿ ಹಾವೇರಿಯ ಈ ತೊಳೆದ ಏಲಕ್ಕಿಗೆ ದೂರದ ಪೇಟೆಗಳಲ್ಲಿಯೂ ಹೆಸರಿತ್ತು. ಕಾಯಿ ಹುಟ್ಟಿದ್ದು ಒಂದು ಕಡೆ, ಹೆಸರು ಪಡೆದದ್ದು ಇನ್ನೊಂದು ಕಡೆ.

ಕಾಲಕ್ರಮದಲ್ಲಿ ಕೊಳ್ಳುವವರ ರುಚಿ ಬದಲಾಯಿತು. ಬಿಳಿಯ ಏಲಕ್ಕಿಗಿಂತ ಹಸುರು ಬಣ್ಣದ ಏಲಕ್ಕಿಗೆ ಬೇಡಿಕೆ ಹೆಚ್ಚಿತು. ತೊಳೆಯುವ ಕಸುಬು ಕರಗಿತು. ಆದರೆ ಊರಿನ ಹೆಸರು ಕರಗಲಿಲ್ಲ; ಅದನ್ನು ಉಳಿಸಿದ್ದು ಹಾರ. ಏಲಕ್ಕಿಯ ಕಾಯಿಗಳನ್ನು ಒಂದೊಂದಾಗಿ ಆಯ್ದು, ದಾರದಲ್ಲಿ ಪೋಣಿಸಿ, ನಡುನಡುವೆ ಬಣ್ಣದ ರೇಷ್ಮೆಯನ್ನೂ ಜರಿಯನ್ನೂ ಸೇರಿಸಿ ಕಟ್ಟುವ ಹಾವೇರಿಯ ಹಾರವು ದೇಶದ ಎಷ್ಟೋ ಗಣ್ಯರ ಕೊರಳನ್ನು ಅಲಂಕರಿಸಿದೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ. ಏಲಕ್ಕಿಯ ಹಾರವು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದರೂ ತೆಗೆದಾಗ ಪರಿಮಳ ಬೀರುತ್ತದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಹಾವೇರಿಯಲ್ಲಿ ನೆರೆದಾಗ ಈ ಕಂಪಿನ ಹೆಸರು ಮತ್ತೆ ನಾಡಿನವರೆಲ್ಲರ ಬಾಯಲ್ಲಿ ಬಂದಿತು.

ಹಾವೇರಿಯ ಏಲಕ್ಕಿಯಿಂದ ಕಲಿಯಬೇಕಾದ ಪಾಠ ಒಂದುಂಟು. ರುಚಿಯ ಹೆಸರನ್ನು ಮಣ್ಣೊಂದೇ ಕೊಡುವುದಿಲ್ಲ. ಮನುಷ್ಯರ ಕೈಗಳೂ ಕೊಡುತ್ತವೆ. ಕೈ ನಿಂತರೆ ಹೆಸರು ನೆನಪಾಗಿ ಉಳಿಯುತ್ತದೆ, ಸರಕಾಗಿ ಉಳಿಯುವುದಿಲ್ಲ. ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ನಿಲ್ದಾಣಕ್ಕೆ ಹೋಗಬೇಕು.

ಕಡ್ಡಿ ಮತ್ತು ಡಬ್ಬಿ

ಮಾಗಿಯ ದಿನಗಳಲ್ಲಿ ಬ್ಯಾಡಗಿಯನ್ನು ಸಮೀಪಿಸುವವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಗಾಳಿಯಲ್ಲಿ ಘಾಟು ತೇಲಿ ಬರುತ್ತದೆ. ಹೊಸಬರು ಕೆಮ್ಮುತ್ತಾರೆ, ಕಣ್ಣೊರಸಿಕೊಳ್ಳುತ್ತಾರೆ, ಊರವರು ನಗುತ್ತಾರೆ. ಊರಿನ ಅಂಚಿನ ಬಯಲುಗಳಲ್ಲಿ ಕೆಂಪು ಜಮಖಾನೆ ಹಾಸಿದಂತೆ ಮೆಣಸಿನಕಾಯಿ ಒಣಗುತ್ತಿರುತ್ತದೆ.

ಮೆಣಸಿನಕಾಯಿ ಈ ನಾಡಿನ ಮೂಲನಿವಾಸಿಯಲ್ಲ. ಅದರ ತವರು ಅಮೆರಿಕಾ ಖಂಡ. ಪೋರ್ತುಗೀಜರ ಹಡಗುಗಳೊಡನೆ ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿದು ಐದು ನೂರು ವರ್ಷಗಳೂ ಆಗಿಲ್ಲವೆನ್ನಬಹುದು. ಅದಕ್ಕೆ ಮುಂಚೆ ಕನ್ನಡಿಗರ ಅಡಿಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಜನರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಪರದೇಶದ ಆ ಗಿಡವು ಧಾರವಾಡ ಸೀಮೆಯ ಎರೆ ಭೂಮಿಗೆ ಒಗ್ಗಿಕೊಂಡು, ತಲೆಮಾರುಗಳ ರೈತರ ಆಯ್ಕೆಯಲ್ಲಿ ಪಳಗಿ, ಬೇರೆಲ್ಲಿಯೂ ಇಲ್ಲದ ತನ್ನದೇ ಗುಣವನ್ನು ಪಡೆಯಿತು. ಆ ಗುಣದ ಹೆಸರೇ ಬ್ಯಾಡಗಿ.

ಬ್ಯಾಡಗಿಯಲ್ಲಿ ಎರಡು ಬಗೆ. ಒಂದು ‘ಕಡ್ಡಿ’, ಇನ್ನೊಂದು ‘ಡಬ್ಬಿ’. ಕಡ್ಡಿಯು ಹೆಸರಿಗೆ ತಕ್ಕಂತೆ ಗೇಣುದ್ದ ಸಮೀಪಿಸುವ ಸಪೂರವಾದ ಕಾಯಿ. ಒಣಗಿದಾಗ ಮೈತುಂಬ ನೆರಿಗೆ. ಮುದುಕಿಯ ಕೆನ್ನೆಯಂತೆ ಸುಕ್ಕುಸುಕ್ಕು. ಒಳಗೆ ಬೀಜ ಕಡಿಮೆ, ಖಾರ ಸೌಮ್ಯ. ಡಬ್ಬಿಯು ಗಿಡ್ಡ, ದುಂಡು, ಮೈಕೈ ತುಂಬಿದ್ದು. ಬೀಜ ಹೆಚ್ಚು, ಖಾರ ಕಡ್ಡಿಗಿಂತ ಒಂದು ಕೈ ಮೇಲು, ಬಣ್ಣವೂ ವಾಸನೆಯೂ ಗಾಢ. ಎರಡಕ್ಕೂ ಸಮಾನವಾದುದು ಬಣ್ಣ. ಒಂದು ಚಮಚ ಪುಡಿ ಬಿದ್ದರೆ ಸಾರು ಸಂಜೆಯ ಆಕಾಶದಂತಾಗುತ್ತದೆ. ನಾಲಿಗೆ ಮಾತ್ರ ಸುಡುವುದಿಲ್ಲ. ಗುಂಟೂರಿನ ಕಾಯಿಯನ್ನು ಜನರು ಖಾರಕ್ಕೆ ಕೊಂಡರೆ ಬ್ಯಾಡಗಿಯನ್ನು ಬಣ್ಣಕ್ಕೆ ಕೊಳ್ಳುತ್ತಾರೆ. ಬಿಸಿಬೇಳೆಬಾತು, ಸಾರಿನ ಪುಡಿ, ಉತ್ತರ ಕರ್ನಾಟಕದ ಮಸಾಲೆ ಖಾರ, ಕರಾವಳಿಯ ಮೀನಿನ ಸಾರು, ಕುಂದಾಪುರದ ಘೀ ರೋಸ್ಟ್, ಇವೆಲ್ಲಕ್ಕೂ ಆ ಕೆಂಪು ಮೈಬಣ್ಣ ಬಂದದ್ದು ಈ ಕಾಯಿಯಿಂದ.

ಬಣ್ಣ ಮತ್ತು ಖಾರ ಕಾಯಿಯಲ್ಲಿ ಬೇರೆಬೇರೆ ಮನೆ ಮಾಡಿಕೊಂಡಿವೆ. ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತುವು ಹುಟ್ಟುವುದು ಬೀಜದಲ್ಲಿ ಅಲ್ಲ. ಬೀಜವು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಖಾರ ತಗಲುವುದು ಆ ನೆರೆಮನೆಯ ಸಹವಾಸದಿಂದ. ಬಣ್ಣ ಕೊಡುವ ಕ್ಯಾಪ್ಸಾಂತಿನ್ ಮುಂತಾದ ವರ್ಣದ್ರವ್ಯಗಳಿರುವುದು ಹೊರಗಿನ ಸಿಪ್ಪೆಯಲ್ಲಿ. ವ್ಯಾಪಾರಿಗಳು ಈ ಬಣ್ಣವನ್ನು ‘ಅಸ್ಟಾ’ ಎಂಬ ಮಾನದಿಂದ ಅಳೆಯುತ್ತಾರೆ. ಒಳ್ಳೆಯ ಬ್ಯಾಡಗಿಯ ಅಸ್ಟಾ ಮಾನವು 150ರ ಆಸುಪಾಸಿಗೆ ಏರುತ್ತದೆ.

ಈ ಬಣ್ಣವನ್ನು ಕೊಟ್ಟವರು ಯಾರು? ಮೊದಲ ಪಾಲು ಬೀಜದ್ದು. ಎರಡನೆಯ ಪಾಲು ನೆಲ, ಹವೆಗಳದು. ಹಾವೇರಿ ಜಿಲ್ಲೆಯು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಹೊಸ್ತಿಲಲ್ಲಿದೆ. ಪಡುವಲ ಹಾನಗಲ್ಲಿಗೆ ಮಲೆನಾಡಿನ ಸೆರಗು ತಾಗುತ್ತದೆ. ಮೂಡಲ ರಾಣೆಬೆನ್ನೂರು ಕೃಷ್ಣಮೃಗಗಳು ಓಡಾಡುವ ಒಣ ಬಯಲು. ಇವೆರಡರ ನಡುವೆ ಅತಿವೃಷ್ಟಿಯೂ ಅಲ್ಲದ, ಬರವೂ ಅಲ್ಲದ ಹದವಾದ ಮಳೆ. ಮುಂಗಾರಿನಲ್ಲಿ ನೆಟ್ಟ ಸಸಿಯು ಮಳೆಯ ನೀರಿನಲ್ಲೇ ಬೆಳೆಯುತ್ತದೆ. ಮಳೆ ನಿಂತ ಮೇಲೂ ಎರೆಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವವನ್ನು ಬೇರಿಗೆ ಸ್ವಲ್ಪಸ್ವಲ್ಪವಾಗಿ ಉಣಿಸುತ್ತದೆ. ಕಾಯಿ ಗಿಡದಲ್ಲೇ ನಿಧಾನವಾಗಿ ಮಾಗುವ ಹೊತ್ತಿಗೆ ಚಳಿಗಾಲದ ತಣ್ಣನೆಯ ರಾತ್ರಿಗಳು, ಮೋಡವಿಲ್ಲದ ಹಗಲುಗಳು ಬರುತ್ತವೆ. ಡಾರ್ಜಿಲಿಂಗಿನ ಎಲೆಗೆ ಮಂಜು ಹೇಗೋ ಬ್ಯಾಡಗಿಯ ಕಾಯಿಗೆ ಈ ಒಣ ಚಳಿ ಹಾಗೆ.

ಮೂರನೆಯ ಪಾಲು ರೈತನ ಕಣದ್ದು. ಹಣ್ಣಾದ ಕಾಯಿಯನ್ನು ಕಣದಲ್ಲಿ ಹರವಿ, ದಿನವೂ ಕೈಯಾಡಿಸಿ, ಇಬ್ಬನಿ ಬೀಳದಂತೆ ಸಂಜೆ ಮುಚ್ಚಿ ಒಣಗಿಸಬೇಕು. ನೂರು ಸೇರು ಹಸಿಯ ಹಣ್ಣು ಒಣಗಿ ಮೂವತ್ತು ಸೇರಿಗೆ ಇಳಿಯುವುದುಂಟು. ಒಂದು ಅಕಾಲದ ಮಳೆ ಬಿದ್ದರೆ ಕಾಯಿಗೆ ಬಿಳಿಯ ಮಚ್ಚೆ ಹತ್ತುತ್ತದೆ. ಆರು ತಿಂಗಳ ಶ್ರಮ ಅರ್ಧ ಬೆಲೆಗೆ ಇಳಿಯುತ್ತದೆ. ಅತಿಯಾದ ಬಿಸಿಲೂ ಬಣ್ಣವನ್ನು ತಿನ್ನುತ್ತದೆ. ಆದುದರಿಂದ ಒಣಗಿಸುವುದೂ ಒಂದು ಕಲೆ.

ಸೋಮವಾರ, ಗುರುವಾರ

ಸೋಮವಾರ ಮತ್ತು ಗುರುವಾರ ಬ್ಯಾಡಗಿಯ ಪೇಟೆಯ ದಿನಗಳು. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಹಿಂದಿನ ರಾತ್ರಿಯಿಂದಲೇ ಲಾರಿಗಳು, ಟ್ರಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹಂಗಾಮಿನ ಭರದ ದಿನಗಳಲ್ಲಿ ಒಂದೇ ದಿನ ಎರಡು ಲಕ್ಷಕ್ಕೂ ಮಿಕ್ಕಿ ಚೀಲಗಳು ಬಂದು ಬೀಳುವುದುಂಟು. ದೇಶದ ಮೆಣಸಿನಕಾಯಿಯ ಪೇಟೆಗಳಲ್ಲಿ ಗುಂಟೂರಿನ ಮಗ್ಗುಲಲ್ಲಿ ನಿಲ್ಲುವ ಹೆಸರು ಬ್ಯಾಡಗಿಯದು.

ದಲಾಲರ ಅಂಗಡಿಯ ಮುಂದೆ ಚೀಲದ ಬಾಯಿ ಬಿಚ್ಚಿ ರಾಶಿಯನ್ನು ಸಾಲಾಗಿ ಇಡುತ್ತಾರೆ. ಖರೀದಿದಾರರು ಒಂದೊಂದೇ ರಾಶಿಯ ಬಳಿ ನಿಂತು ಮುಷ್ಟಿ ತುಂಬ ಕಾಯಿ ಎತ್ತುವರು. ಹಿಸುಕುವರು, ಮುರಿಯುವರು, ಮೂಸುವರು. ತೇವವೆಷ್ಟು, ಬಣ್ಣವೆಷ್ಟು, ಸಿಪ್ಪೆ ತೆಳುವೋ ದಪ್ಪವೋ, ಮಚ್ಚೆಯುಂಟೋ ಇಲ್ಲವೋ ಎಂಬುದನ್ನು ಅವರ ಬೆರಳು ಕ್ಷಣದಲ್ಲಿ ಓದಿ ಮುಗಿಸುತ್ತದೆ. ಚಹಾದ ಹರಾಜಿನಲ್ಲಿ ರುಚಿ ನೋಡುವವರ ನಾಲಿಗೆ ಎಷ್ಟು ಹರಿತವೋ ಇವರ ಬೆರಳೂ ಅಷ್ಟೇ ಹರಿತ. ಹಿಂದೆ ಬೆಲೆಯನ್ನು ಕಾಗದದ ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಈಗ ಗಣಕಯಂತ್ರದ ಟೆಂಡರು ಬಂದಿದೆ. ಮಧ್ಯಾಹ್ನದ ಹೊತ್ತಿಗೆ ದರ ಪ್ರಕಟವಾಗುತ್ತದೆ. ಆ ಗಳಿಗೆಯಲ್ಲಿ ರೈತನ ಮುಖವನ್ನು ನೋಡಬೇಕು. ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ಔಷಧದ ಅಂಗಡಿಯ ಬಾಕಿ, ಎಲ್ಲವೂ ಆ ಒಂದು ಅಂಕೆಯಲ್ಲಿ ಅಡಗಿರುತ್ತವೆ.

ಮಾರಾಟವಾದ ಮೇಲೂ ಕಾಯಿಯ ಪಯಣ ಮುಗಿಯದು. ಊರಿನ ಗೋದಾಮುಗಳಲ್ಲಿ ನೂರಾರು ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತು ತೊಟ್ಟು ಬಿಡಿಸುತ್ತಾರೆ. ಅವರ ಬೆರಳಿನ ಉರಿ ರಾತ್ರಿ ಮಲಗಿದ ಮೇಲೂ ಆರುವುದಿಲ್ಲ. ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈಯನ್ನು ಮತ್ತೆಮತ್ತೆ ತೊಳೆಯಬೇಕು. ಅಲ್ಲಿಂದ ಒಂದು ಪಾಲು ಮಸಾಲೆ ಪುಡಿಯ ಕಾರ್ಖಾನೆಗಳಿಗೆ ಹೋಗುತ್ತದೆ. ಒಂದು ಪಾಲು ಶೀತಲಗೃಹ ಸೇರುತ್ತದೆ. ಬೆಳಕು ಮತ್ತು ಸೆಕೆ ಮೆಣಸಿನಕಾಯಿಯ ಬಣ್ಣದ ಶತ್ರುಗಳಾದುದರಿಂದ ಕತ್ತಲೆಯ ತಂಪಿನಲ್ಲಿಟ್ಟರೆ ವರ್ಷ ಕಳೆದರೂ ಕೆಂಪು ಮಾಸದು. ಇನ್ನೊಂದು ಪಾಲು ಕೇರಳದ ಕೊಚ್ಚಿಯ ಕಡೆಯ ಕಾರ್ಖಾನೆಗಳಿಗೆ ಸಾಗಿ ‘ಓಲಿಯೋರೆಸಿನ್’ ಎಂಬ ಕೆಂಪು ಸತ್ವವಾಗುತ್ತದೆ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರು ಸತ್ವ ಇಳಿಯುತ್ತದೆ. ಪರದೇಶಗಳಲ್ಲಿ ಇದನ್ನು ತಿನಿಸುಗಳಿಗೆ ಮಾತ್ರವಲ್ಲ, ತುಟಿಯ ರಂಗಿಗೂ ಉಗುರಿನ ಬಣ್ಣಕ್ಕೂ ಬಳಸುವರು. ಬ್ಯಾಡಗಿಯ ರೈತನ ಬೆವರು ಯಾವ ದೇಶದ ಯಾವ ಸುಂದರಿಯ ತುಟಿಯ ಮೇಲೆ ಕೆಂಪಾಗಿ ಕುಳಿತಿದೆಯೋ ಬಲ್ಲವರಾರು!

ಬೀಜದ ಊರು

ಬಣ್ಣದ ಮೊದಲ ಪಾಲು ಬೀಜದ್ದೆಂದು ಮೇಲೆ ಹೇಳಿತಷ್ಟೆ. ಹಳಿಯ ಮೇಲೆ ಮುಂದುವರಿದರೆ ಬರುವ ರಾಣೆಬೆನ್ನೂರು ಆ ಬೀಜದ ಊರು. ಈ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಸಂಕರ ಬೀಜ ತಯಾರಿಸುವುದೇ ಒಂದು ದೊಡ್ಡ ಕಸುಬು. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿ ಮುಂತಾದ ಬೆಳೆಗಳ ಬೀಜಗಳು ಇಲ್ಲಿಂದ ದೂರದೂರಕ್ಕೆ ಹೋಗುತ್ತವೆ. ಅರಳಲಿರುವ ಮೊಗ್ಗನ್ನು ಹಿಂದಿನ ದಿನವೇ ಬಿಡಿಸಿ ಗಂಡು ಕೇಸರಗಳನ್ನು ಚಿಮುಟಿಗೆಯಿಂದ ತೆಗೆದುಹಾಕಿ, ಮರುದಿನ ಬೆಳಗ್ಗೆ ಬೇರೊಂದು ತಳಿಯ ಪರಾಗವನ್ನು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಹೀಗೆಯೇ. ಅಕ್ಕಸಾಲಿಗನ ತಾಳ್ಮೆ ಬೇಡುವ ಈ ಕೆಲಸದಲ್ಲಿ ಹಳ್ಳಿಯ ಹೆಂಗಸರ ಕೈ ಪಳಗಿದೆ.

ಸಂಕರ ಬೀಜವು ರೈತನಿಗೆ ಹೆಚ್ಚು ಇಳುವರಿಯನ್ನು ಕೊಟ್ಟಿತು; ಅದರಲ್ಲಿ ಸಂಶಯವಿಲ್ಲ. ಮಳೆಯನ್ನೇ ನೆಚ್ಚಿದ ಹೊಲದಲ್ಲಿ ಹಳೆಯ ಕಡ್ಡಿ, ಡಬ್ಬಿಗಳ ಫಸಲು ತೀರ ಕಡಿಮೆ. ನೀರಾವರಿಯ ಹೊಲದಲ್ಲಿ ಸಂಕರ ತಳಿಯ ಫಸಲು ಅದರ ಹಲವು ಪಟ್ಟು. ಪೇಟೆಯಲ್ಲಿ ಈ ತಳಿಗಳಿಗೆ ಹೆಸರಿಲ್ಲ, ಅಂಕೆಗಳುಂಟು. ‘2043’ ಎಂದರೆ ಬ್ಯಾಡಗಿಯ ರೂಪವನ್ನೇ ಹೋಲುವ, ಬಣ್ಣವುಳ್ಳ ಸಂಕರ ಕಾಯಿ. ‘5531’ ಎಂದರೆ ಖಾರದ ಕಾಯಿ. ಬಳ್ಳಾರಿ, ರಾಯಚೂರು ಜಿಲ್ಲೆಗಳ ಕಾಲುವೆಯ ಕೆಳಗಿನ ಹೊಲಗಳಲ್ಲಿಯೂ ಆಂಧ್ರದ ಹೊಲಗಳಲ್ಲಿಯೂ ಬೆಳೆದ ಇಂತಹ ಕಾಯಿಗಳು ಲಾರಿ ಏರಿ ಬ್ಯಾಡಗಿಗೆ ಬರುತ್ತವೆ. ಬ್ಯಾಡಗಿಯ ಪೇಟೆಯಲ್ಲಿ ಮಾರಾಟವಾದುದೆಲ್ಲವೂ ಮುಂದಿನ ಊರುಗಳಲ್ಲಿ ‘ಬ್ಯಾಡಗಿ’ಯಾಗುತ್ತದೆ.

ಇತ್ತ ಹಳೆಯ ತಳಿಯನ್ನೇ ನಂಬಿದ ರೈತನಿಗೆ ಮೂರು ಸಂಕಟಗಳು. ಮೊದಲನೆಯದು ರೋಗ. ಎಲೆ ಮುಟುರಿಕೊಳ್ಳುವ ರೋಗವು ಹಳೆಯ ವೈರಿ. ಅದರ ಮೇಲೆ 2021-22ರಲ್ಲಿ ದಕ್ಷಿಣದ ಮೆಣಸಿನ ಹೊಲಗಳಿಗೆಲ್ಲ ಕಪ್ಪು ಥ್ರಿಪ್ಸ್ ಎಂಬ ಹೊಸ ನುಸಿ ಲಗ್ಗೆ ಹಾಕಿ ಹೂವುಗಳನ್ನೇ ಉದುರಿಸಿತು. ಎರಡನೆಯದು ಮಳೆ, ಬರಬೇಕಾದಾಗ ಬಾರದು, ಕಣದಲ್ಲಿ ಕಾಯಿ ಇರುವಾಗ ಬರುವುದು. ಮೂರನೆಯದು ಕಣ್ಣಿಗೆ ಕಾಣದ ಸಂಕಟ. ಮೆಣಸಿನ ಹೂವಿಗೆ ಜೇನುನೊಣ ಬರುತ್ತದೆ. ಪಕ್ಕದ ಹೊಲದಲ್ಲಿ ಖಾರದ ತಳಿಯಿದ್ದರೆ ಅದರ ಪರಾಗವನ್ನು ಹೊತ್ತು ತರುತ್ತದೆ. ಆ ವರ್ಷದ ಕಾಯಿ ಕೆಡುವುದಿಲ್ಲ. ಆದರೆ ಆ ಕಾಯಿಯ ಬೀಜದಿಂದ ಹುಟ್ಟಿದ ಮುಂದಿನ ವರ್ಷದ ಗಿಡ ಬೆರಕೆಯಾಗುತ್ತದೆ. ಅಜ್ಜ ಆಯ್ದಿಟ್ಟ ಬೀಜವೆಂದು ಮೊಮ್ಮಗ ಬಿತ್ತುತ್ತಾನೆ. ಹತ್ತು ವರ್ಷಗಳ ಮೇಲೆ ಅದು ಅಜ್ಜನ ಬೀಜವಾಗಿ ಉಳಿದಿರುವುದಿಲ್ಲ.

ಹಾಗಾದರೆ ಸಂಕರ ಬೀಜವನ್ನು ಬಿತ್ತಿದವನು ತಪ್ಪು ಮಾಡಿದನೇ? ಹಾಗೆನ್ನುವ ಹಕ್ಕು ಪಟ್ಟಣದಲ್ಲಿ ಕುಳಿತು ಸಾರಿನ ಬಣ್ಣವನ್ನು ಹೊಗಳುವವರಿಗಿಲ್ಲ. ಹಳೆಯ ತಳಿಯ ಕಾಯಿಗೆ ಒಳ್ಳೆಯ ವರ್ಷಗಳಲ್ಲಿ ಒಳ್ಳೆಯ ಬೆಲೆಯೇ ಬರುತ್ತದೆ. ಆಯ್ದ ಡಬ್ಬಿಯು ಕ್ವಿಂಟಾಲಿಗೆ 50,000 ರೂಪಾಯಿಗಳನ್ನು ಮೀರಿದ ದಿನಗಳೂ ಉಂಟು. ಆದರೆ ಆ ಬೆಲೆ ಬರುವುದು ಫಸಲು ಕಡಿಮೆಯಾದಾಗ. ಕೈಯಲ್ಲಿ ಎರಡೇ ಚೀಲವಿರುವಾಗ ಬಂದ ದೊಡ್ಡ ಬೆಲೆ ಎಷ್ಟು ಹೊಟ್ಟೆಗಳನ್ನು ತುಂಬೀತು?

ಹೆಸರಿಗೆ ಬೇಲಿ

ಊರಿನ ಹೆಸರೂ ಒಂದು ಆಸ್ತಿಯೆಂಬುದನ್ನು ಭಾರತದ ಕಾನೂನು ಒಪ್ಪಿದ್ದು ತಡವಾಗಿ. ಭೌಗೋಳಿಕ ಸೂಚಕಗಳ ಕಾನೂನು 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಅದರಡಿಯಲ್ಲಿ ದೇಶದಲ್ಲಿ ಮೊದಲು ಮಾನ್ಯತೆ ಪಡೆದದ್ದು ಡಾರ್ಜಿಲಿಂಗ್ ಚಹಾ. ಬ್ಯಾಡಗಿ ಮೆಣಸಿನಕಾಯಿಗೆ ಆ ಮಾನ್ಯತೆ ದೊರೆತದ್ದು 2011ರಲ್ಲಿ. ಅಂದಿನಿಂದ ‘ಬ್ಯಾಡಗಿ’ ಎಂಬ ಹೆಸರಿಗೆ ಕಾಗದದ ಮೇಲೆ ಒಂದು ಬೇಲಿ ಬಿತ್ತು.

ಆದರೆ ಬೇಲಿಯಿದ್ದ ಮಾತ್ರಕ್ಕೆ ಹೊಲ ಉಳಿಯುವುದಿಲ್ಲ, ಕಾಯುವವರು ಬೇಕು. ಡಾರ್ಜಿಲಿಂಗಿನಲ್ಲಿ ತೋಟಗಳ ಸಂಖ್ಯೆ ನೂರರ ಒಳಗೆ; ಅವುಗಳ ಗಡಿ ಗೊತ್ತು, ಎಲೆಯ ಲೆಕ್ಕ ಗೊತ್ತು. ಚಹಾ ಮಂಡಳಿಯ ಪರವಾನಗಿ ಮತ್ತು ಮುದ್ರೆಯಿಲ್ಲದೆ ಆ ಹೆಸರನ್ನು ಬಳಸುವಂತಿಲ್ಲ. ಇಷ್ಟಿದ್ದರೂ ಡಾರ್ಜಿಲಿಂಗಿನಲ್ಲಿ ಬೆಳೆದುದಕ್ಕಿಂತ ಹೆಚ್ಚು ಡಾರ್ಜಿಲಿಂಗ್ ಚಹಾ ಲೋಕದ ಪೇಟೆಗಳಲ್ಲಿ ಮಾರಾಟವಾಗುತ್ತದೆಂಬ ದೂರು ಹಳೆಯದು. ಬ್ಯಾಡಗಿಯದಾದರೋ ಸಾವಿರಾರು ಸಣ್ಣ ಹಿಡುವಳಿಗಳ ಬೆಳೆ. ಯಾವ ಚೀಲ ಯಾವ ಹೊಲದ್ದೆಂಬ ಗುರುತು ಪೇಟೆಯ ರಾಶಿಯಲ್ಲಿ ಕರಗಿಹೋಗುತ್ತದೆ.

ಹೆಸರೊಂದೇ ಹೊಟ್ಟೆ ತುಂಬಿಸುವುದಿಲ್ಲವೆಂಬುದಕ್ಕೆ 2024ರ ಮಾರ್ಚ್ 11ರ ಸೋಮವಾರ ಕಠೋರವಾದ ಸಾಕ್ಷಿಯಾಯಿತು. ಅಂದು ಬ್ಯಾಡಗಿಯ ಪೇಟೆಯಲ್ಲಿ ದರ ಹಠಾತ್ತನೆ ಕುಸಿಯಿತು. ದೂರದೂರದಿಂದ ಮಾಲು ತಂದಿದ್ದ ರೈತರು ರೊಚ್ಚಿಗೆದ್ದರು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿದ್ದಿತು, ಬೆಂಕಿ ಬಿದ್ದಿತು. ಹಲವು ವಾಹನಗಳು ಉರಿದುಹೋದವು. ಮರುದಿನದ ಪತ್ರಿಕೆಗಳಲ್ಲಿ ಬ್ಯಾಡಗಿಯ ಹೆಸರು ಕಾಯಿಯ ಕೆಂಪಿಗಾಗಿ ಅಲ್ಲ, ಬೆಂಕಿಯ ಕೆಂಪಿಗಾಗಿ ಅಚ್ಚಾಯಿತು. ಬೆಂಕಿಯಿಟ್ಟುದನ್ನು ಯಾರೂ ಒಪ್ಪಲಾರರು. ಆದರೆ ಒಂದು ವರ್ಷದ ದುಡಿಮೆಯ ಬೆಲೆ ಒಂದು ಮಧ್ಯಾಹ್ನದಲ್ಲಿ ಇಳಿದುಹೋದಾಗ ಮನುಷ್ಯನ ಎದೆಯಲ್ಲಿ ಏನಾಗುತ್ತದೆಂಬುದನ್ನು ಅರಿಯದೆ ಆ ದಿನವನ್ನು ಮರೆಯುವುದೂ ಸಲ್ಲದು. ಎಲ್ಲೆಡೆಯ ಕಾಯಿಯೂ ಒಂದೇ ಹೆಸರಿನಲ್ಲಿ ಒಂದೇ ಪೇಟೆಗೆ ನುಗ್ಗಿದಾಗ ಬೆಲೆ ಕುಸಿಯುವುದು ಸಹಜ. ಆಗ ಹೊರಗಿನ ರೈತನೂ ಸೋಲುತ್ತಾನೆ, ಊರಿನ ರೈತನೂ ಸೋಲುತ್ತಾನೆ.

ದಾರಿಗಳಿಲ್ಲದೆ ಇಲ್ಲ. ಹಾವೇರಿಯ ಬಳಿ ದೇವಿಹೊಸೂರಿನಲ್ಲಿ ತೋಟಗಾರಿಕೆಯ ಸಂಶೋಧನಾ ಕೇಂದ್ರವುಂಟು; ರಾಣೆಬೆನ್ನೂರಿನ ಬಳಿ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವುಂಟು. ರಾಣೆಬೆನ್ನೂರಿನ ಹೆಂಗಸರಿಗೆ ಸಂಕರ ಬೀಜವನ್ನು ಅಷ್ಟು ಶುದ್ಧವಾಗಿ ತಯಾರಿಸಲು ಬರುತ್ತದೆಂದರೆ ಅದೇ ಕೈಗಳು ಹಳೆಯ ಕಡ್ಡಿ, ಡಬ್ಬಿಗಳ ಬೀಜವನ್ನು ಬಲೆಯ ಮರೆಯಲ್ಲಿ ಬೆಳೆದು ಬೆರಕೆಯಿಲ್ಲದೆ ಉಳಿಸಿಕೊಡಲಾರವೇ? ಅಸಲಿನ ಕಾಯಿಯನ್ನು ಪೇಟೆಯಲ್ಲಿ ಬೇರೆ ಸಾಲಿನಲ್ಲಿ, ಹೊಲದ ಗುರುತಿನ ಚೀಟಿಯೊಡನೆ ಇಡಲಾಗದೇ? ಇವು ಅಸಾಧ್ಯವಾದ ಕೆಲಸಗಳಲ್ಲ. ಆದರೆ ಇವಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಕೊಡುವವರು ಬೇಕು. ಆ ಕೊಡುವವರು ಕೊನೆಗೆ ಅಡಿಗೆಮನೆಯವರೇ.

ಗೃಹಿಣಿಯ ಪರೀಕ್ಷೆ

ಅಡಿಗೆಮನೆಯವರಿಗೆ ಅಸಲನ್ನು ಗುರುತಿಸಲು ಬಂದರೆ ಅರ್ಧ ಕೆಲಸವಾದಂತೆ. ಕಡ್ಡಿಯನ್ನು ಕೊಳ್ಳುವಾಗ ನೆರಿಗೆಯನ್ನು ನೋಡಬೇಕು. ನುಣುಪಾಗಿ ಹೊಳೆಯುವ ಕಾಯಿ ಬೇರೆ ತಳಿಯದು. ಸಿಪ್ಪೆ ತೆಳುವಾಗಿರಬೇಕು. ಕೈಯಲ್ಲಿ ಬಾಗಿಸಿದರೆ ಒಳ್ಳೆಯ ಕಾಯಿ ಸ್ವಲ್ಪ ಬಳುಕಿ ಮುರಿಯುತ್ತದೆ; ಮೆತ್ತಗೆ ಮಡಿಚಿಕೊಂಡರೆ ತೇವ ಹೆಚ್ಚಿದೆಯೆಂದು ತಿಳಿಯಬೇಕು. ಅಂತಹ ಕಾಯಿಯು ತೂಕಕ್ಕೂ ಮೋಸ, ಬೂಷ್ಟು ಹಿಡಿಯಲೂ ಸುಲಭ. ಮುರಿದಾಗ ಒಳಗೆ ಬೂದು ಬಣ್ಣದ ಪುಡಿಯಿದ್ದರೆ ಅದನ್ನು ಎಸೆಯುವುದೇ ಲೇಸು.

ಪುಡಿಯನ್ನು ಕೊಳ್ಳುವವರು ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ನೋಡಬಹುದು. ಮೆಣಸಿನಕಾಯಿಯ ಸ್ವಂತ ಬಣ್ಣವು ಎಣ್ಣೆಯಲ್ಲಿ ಕರಗುವುದೇ ಹೊರತು ನೀರಿನಲ್ಲಿ ಸುಲಭವಾಗಿ ಕರಗದು. ನೀರಿನಲ್ಲಿ ಕೂಡಲೇ ಕೆಂಪು ಎಳೆಗಳು ಇಳಿದರೆ ಕೃತಕ ಬಣ್ಣದ ಶಂಕೆಯಿದೆ. ಎಣ್ಣೆಯಲ್ಲಿ ಕರಗುವ ಕಳ್ಳಬಣ್ಣಗಳೂ ಇರುವುದರಿಂದ ಈ ಪರೀಕ್ಷೆಯೊಂದನ್ನೇ ಪೂರ್ತಿಯಾಗಿ ನಂಬುವಂತಿಲ್ಲ. ಇಡೀ ಕಾಯಿಯನ್ನು ಕೊಂಡು, ಒಂದು ಬಿಸಿಲು ಕಾಯಿಸಿ, ಮನೆಯಲ್ಲಿಯೇ ಪುಡಿ ಮಾಡಿಸುವ ಅಜ್ಜಿಯರ ಕ್ರಮವೇ ಇಂದಿಗೂ ಉತ್ತಮ. ಕಾಯಿಯನ್ನಾಗಲಿ ಪುಡಿಯನ್ನಾಗಲಿ ಗಾಳಿಯಾಡದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಬೇಕು. ಕಿಟಕಿಯ ಪಕ್ಕದ ಗಾಜಿನ ಸೀಸೆಯಲ್ಲಿ ಚೆಂದ ಕಂಡೀತು. ನಾಲ್ಕು ತಿಂಗಳಿಗೆ ಬಣ್ಣ ಮಂಕಾದೀತು.

ಇನ್ನೊಂದು ಕೆಲಸವೂ ಉಂಟು. ಅದು ಎಲ್ಲಕ್ಕಿಂತ ಸುಲಭ. ಹುಬ್ಬಳ್ಳಿಯ ಹಳೆಯ ಕಿರಾಣಿ ಅಂಗಡಿಗೆ ಹೋಗಿ “ಅರ್ಧ ಕಿಲೋ ಬ್ಯಾಡಗಿ ಕೊಡ್ರಿ” ಎಂದರೆ ಅನುಭವಸ್ಥ ಅಂಗಡಿಕಾರನು ಕೂಡಲೇ ತೂಗುವುದಿಲ್ಲ. “ಯಾವ ಬ್ಯಾಡಗಿ ಬೇಕ್ರೀ ಅಕ್ಕಾರ? ಕಡ್ಡಿನೋ, ಡಬ್ಬಿನೋ? ಊರಿಂದೋ, ಹೊರಗಿಂದೋ?” ಎಂದು ಮರುಪ್ರಶ್ನೆ ಹಾಕುತ್ತಾನೆ. ಎಷ್ಟೋ ಗಿರಾಕಿಗಳು “ಯಾವುದಾದರೂ ಕೊಡ್ರಿ, ಅಗ್ಗದ್ದು” ಎಂದುಬಿಡುತ್ತಾರೆ. ಅಂಗಡಿಕಾರನೇ ಕೇಳದಿದ್ದರೆ ಆ ಪ್ರಶ್ನೆಯನ್ನು ಗಿರಾಕಿಯೇ ಕೇಳಬೇಕು. ಊರಿನ ಡಬ್ಬಿಯೇ ಬೇಕೆಂದು ಹತ್ತು ಮನೆಯವರು ಹಠ ಹಿಡಿದರೆ ಅಂಗಡಿಕಾರನು ಮುಂದಿನ ಸೋಮವಾರ ಬ್ಯಾಡಗಿಯ ದಲಾಲನನ್ನು ಅದನ್ನೇ ಕೇಳುತ್ತಾನೆ. ದಲಾಲನು ರೈತನನ್ನು ಕೇಳುತ್ತಾನೆ. ಮುಂದಿನ ಮುಂಗಾರಿನಲ್ಲಿ ಒಂದು ಎಕರೆ ಎರೆ ಹೊಲಕ್ಕೆ ಅಜ್ಜನ ಬೀಜ ಬೀಳುತ್ತದೆ.